ಹಡಗಿಗೂ ನೆಟ್‌ವರ್ಕ್ ಬೇಕೇನವಾ?

ನಾನು ಮಾಡೋ ಕೆಲಸ ಏನು ಅಂತ ಅಪ್ಪನಿಗೆ ತಿಳಿಸೋಕೆ ಮೂರು ಸಲ ಪ್ರಯತ್ನಪಟ್ಟು ಸೋತಿದ್ದೆ. ‘ಟೆಸ್ಟಿಂಗ್’ ಅಂದರೆ ಅವನ ಪಾಲಿಗೆ ಕೃಷಿ ಇಲಾಖೆಯವರು ಮಾಡೋ ಮಣ್ಣು ಪರೀಕ್ಷೆ. ನಾಲ್ಕನೇ ಸಲ ಊರಿಗೆ ಹೋದಾಗ, ಮಾಳಗಿ ಮೇಲೆ ಕೂತು ಶೇಂಗಾ ತಿನ್ನುತ್ತಾ, ಒಂದೇ ಉಸಿರಿಗೆ ಹೇಳಿಬಿಟ್ಟೆ: “ಬಂದರಿನಾಗ ಹಡಗ ಬರ್ತಾವಲ್ಲಪಾ, ಅವು ಒಂದಕ್ಕೊಂದು ಬಡೀಬಾರದು ಅಂತ ನಮ್ಮ ಕಂಪನಿಯವರು ಒಂದು ಆ್ಯಪ್ ಮಾಡ್ಯಾರ. ಅದು ಮೊಬೈಲ್ ನೆಟ್‌ವರ್ಕ್ ಮ್ಯಾಲೆ ನಡೀತೈತಿ. ಬರೋಬ್ಬರಿ ನಡೀತೈತೋ ಇಲ್ಲೋ ನೋಡೂದು ನನ್ನ ಕೆಲಸ.”

ಅಪ್ಪ ಅಂಗೈಯಲ್ಲಿದ್ದ ಶೇಂಗಾದ ಸಿಪ್ಪೆ ಊದಿ, ಸ್ವಲ್ಪ ಹೊತ್ತು ಸುಮ್ಮನಿದ್ದ.

“ಹಡಗಿಗೂ ನೆಟ್‌ವರ್ಕ್ ಬೇಕೇನವಾ?”

“ಬೇಕಪಾ.”

“ಮತ್ತ ಸಮುದ್ರದಾಗ ಟಾವರ್ ಎಲ್ಲಿ ನಿಲ್ಲಸ್ತಾರ?”

ನಮ್ಮ ಕಂಪನಿಯ ಸೇಲ್ಸ್ ಪ್ರೆಸೆಂಟೇಶನ್‌ನಲ್ಲಿ ನಲವತ್ತೆರಡು ಸ್ಲೈಡ್ ಇದ್ದವು. ಈ ಪ್ರಶ್ನೆ ಒಂದರಲ್ಲೂ ಇರಲಿಲ್ಲ.

ನಮ್ಮದು ನವಲಗುಂದ ತಾಲ್ಲೂಕಿನ ಒಂದು ಊರು, ಬೆಣ್ಣಿಹಳ್ಳದ ದಂಡೆ. ಎರಿಭೂಮಿ. ಬ್ಯಾಸಗಿಯಲ್ಲಿ ನೆಲ ಬಿರಿದು ಕಾಲು ಸಿಕ್ಕಿಹಾಕಿಕೊಳ್ಳುವಷ್ಟು ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಅದೇ ನೆಲ ಚಪ್ಪಲಿ ಕಿತ್ತಿಟ್ಟುಕೊಳ್ಳುತ್ತದೆ. ಸಮುದ್ರ ನೋಡಬೇಕಂದರೆ ಹುಬ್ಬಳ್ಳಿ ದಾಟಿ, ಘಟ್ಟ ಇಳಿದು ಕಾರವಾರದ ಕಡೆ ಹೋಗಬೇಕು. ನಾನು ಮೊದಲ ಸಲ ಸಮುದ್ರ ಕಂಡದ್ದು ಇಂಜಿನಿಯರಿಂಗ್ ಎರಡನೇ ವರ್ಷದ ಟ್ರಿಪ್ಪಿನಲ್ಲಿ. ಅಪ್ಪ ಅಲ್ಲಿಯತನಕ ಕಂಡೇ ಇರಲಿಲ್ಲ.

ಆದರೆ ನೆಟ್‌ವರ್ಕಿನ ವಿಷಯದಲ್ಲಿ ನಮ್ಮೂರಿನವರನ್ನ ಯಾರೂ ಮೀರಿಸಲಾರರು. ಮಾಳಗಿಯ ಈಶಾನ್ಯ ಮೂಲೆಗೆ, ಬೆಳಕಿಂಡಿಯ ಪಕ್ಕ ನಿಂತರೆ ಒಂದು ಕಂಪನಿಯ ಸಿಮ್ಮು ಹತ್ತುತ್ತದೆ. ಹಣಮಪ್ಪನ ಗುಡಿ ಕಟ್ಟೆ ಮೇಲೆ ಇನ್ನೊಂದು. ಅಗಸಿ ಹತ್ತಿರ ಎರಡೂ ಬರುತ್ತವೆ, ಮಾತು ಮಾತ್ರ ತುಂಡು ತುಂಡು. ಅಡುಗೆಮನೆಯಲ್ಲಿ ಏನೂ ಇಲ್ಲ. ಇದು ಮನೆಯ ಎಲ್ಲರಿಗೂ ಬಾಯಿಪಾಠ. ಅವ್ವ ದಿನಾ ಸಂಜೆ ಏಳಕ್ಕೆ ನಿಚ್ಚಣಿಕೆ ಹತ್ತಿ ಮಾಳಗಿಯ ಆ ಮೂಲೆಗೆ ಹೋಗಿ ಕೂಡುತ್ತಾಳೆ. ನಾನು ಏಳಕ್ಕೇ ಹಚ್ಚಬೇಕು. ಆರೂ ಮುಕ್ಕಾಲಿಗೆ ಹಚ್ಚಿದರೆ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಅನ್ನೋ ಹೆಂಗಸಿನ ದನಿ. ಬೆಂಗಳೂರಿನ ನನ್ನ ರೂಮ್‌ಮೇಟ್‌ಗೆ ಇದು ತಮಾಷೆಯಾಗಿ ಕಾಣುತ್ತಿತ್ತು. ನನಗೆ ಅನ್ನಿಸೋದೇ ಬೇರೆ. ಎಲ್ಲಿ ಸಿಗುತ್ತೆ, ಎಲ್ಲಿ ಸಿಗಲ್ಲ ಅಂತ ಖಚಿತವಾಗಿ ಗೊತ್ತಿರೋ ನೆಟ್‌ವರ್ಕು ಒಂಥರಾ ನಂಬಿಕಸ್ಥ ನೆಟ್‌ವರ್ಕೇ.

ಈಗ ಬಂದರಿನ ಕತೆ. ನಮ್ಮ ಪೀಳಿಗೆಯ ಬಹಳ ಮಂದಿಗೆ ಬಂದರು ಅಂದರೆ ಸಿನಿಮಾದಲ್ಲಿ ವಿಲನ್ ಕಡೆಯವರು ಹೊಡೆಸಿಕೊಳ್ಳೋ ಜಾಗ, ಕಂಟೇನರ್‌ಗಳ ನಡುವೆ. ನನಗೂ ಹಾಗೇ ಇತ್ತು, ಪಣಂಬೂರಿನ ನವಮಂಗಳೂರು ಬಂದರು ನೋಡೋವರೆಗೆ. 1974ರಲ್ಲಿ ಅದನ್ನ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿಸಿದರು, 1975ರಲ್ಲಿ ಉದ್ಘಾಟನೆ. ಅದು ನಿಸರ್ಗದತ್ತ ಕೊಲ್ಲಿಯಲ್ಲ, ದಂಡೆಯನ್ನ ಅಗೆದು ಒಳಗೆ ನೀರು ತಂದುಕೊಂಡ ಬಂದರು. ಬಾಯಲ್ಲಿ ಎರಡು ಬ್ರೇಕ್‌ವಾಟರ್‌ಗಳು, ಅಂದರೆ ಅಲೆ ತಡೆಯೋ ಕಲ್ಲಿನ ಗೋಡೆಗಳು, ಒಂದೊಂದು 770 ಮೀಟರ್ ಉದ್ದ. ಅದರಾಚೆ ಸಮುದ್ರದ ತಳದಲ್ಲಿ ಹೂಳೆತ್ತಿ ಮಾಡಿದ ದಾರಿ, ಸುಮಾರು ಏಳೂವರೆ ಕಿಲೋಮೀಟರ್. ದೊಡ್ಡ ಹಡಗುಗಳು ಆ ದಾರಿ ಬಿಟ್ಟು ಆಚೀಚೆ ಸರಿಯೋ ಹಾಗಿಲ್ಲ, ಸರಿದರೆ ನೆಲ ಕಚ್ಚುತ್ತವೆ. ಮೇಲೆ ನಿಂತು ನೋಡಿದರೆ ಅಷ್ಟಗಲ ನೀರು, ನಿಜವಾದ ರಸ್ತೆ ಮಾತ್ರ ನಮ್ಮೂರ ಬಂಡಿದಾರಿಯಷ್ಟು ಇಕ್ಕಟ್ಟು.

ಕಚ್ಚಾತೈಲದ ಟ್ಯಾಂಕರು, ಕಲ್ಲಿದ್ದಲು, ಎಲ್‌ಪಿಜಿ, ಕಂಟೇನರ್ ಹೊತ್ತು ಬರೋ ಈ ಹಡಗುಗಳಿಗೆ ಬ್ರೇಕ್ ಅನ್ನೋದಿಲ್ಲ. ಪೂರ್ತಿ ವೇಗದಲ್ಲಿರೋ ದೊಡ್ಡ ಟ್ಯಾಂಕರು ನಿಲ್ಲೋಕೆ ಕೆಲವು ಕಿಲೋಮೀಟರ್ ಬೇಕು. ಹಾಗಾಗಿ ಎಷ್ಟೇ ದೊಡ್ಡ ಕ್ಯಾಪ್ಟನ್ ಇರಲಿ, ಒಬ್ಬನೇ ಹಡಗನ್ನ ಬಂದರಿನೊಳಗೆ ತರೋ ಹಾಗಿಲ್ಲ. ಬಂದರಿನ ಪೈಲಟ್ ಒಬ್ಬರು ಸಣ್ಣ ಲಾಂಚಿನಲ್ಲಿ ಹೊರಗೆ ಹೋಗಿ, ನಡೆಯುತ್ತಿರೋ ಹಡಗಿನ ಪಕ್ಕಕ್ಕೆ ಹಗ್ಗದೇಣಿ ಹಿಡಿದು ಹತ್ತಿ, ದಾರಿ ಹೇಳಿ ಒಳಗೆ ಕರೆತರಬೇಕು. ಒಳಗೆ ಬಂದಮೇಲೆ ಟಗ್‌ಗಳು ನೂಕಿ ಎಳೆದು ಬರ್ತಿಗೆ ಹಚ್ಚುತ್ತವೆ.

ಇವರೆಲ್ಲ ಮಾತಾಡೋದು ವಿಎಚ್‌ಎಫ್ ರೇಡಿಯೋದಲ್ಲಿ. ಅದರ 16ನೇ ಚಾನೆಲ್, 156.8 ಮೆಗಾಹರ್ಟ್ಸ್, ಜಗತ್ತಿನ ಎಲ್ಲಾ ಸಮುದ್ರಗಳಲ್ಲೂ ಕರೆಯೋದಕ್ಕೆ, ಕಾಪಾಡಿ ಅಂತ ಕೂಗೋದಕ್ಕೆ ಅಂತ ಮೀಸಲು. ಒಬ್ಬರು ಮಾತಾಡಿದರೆ ಸುತ್ತಲಿನ ಎಲ್ಲರಿಗೂ ಕೇಳುತ್ತೆ. ಇದರ ಜೊತೆ ಎಐಎಸ್ ಅನ್ನೋ ಪೆಟ್ಟಿಗೆ. ಹಡಗಿನ ಹೆಸರು, ಎಲ್ಲಿದೆ, ಎಷ್ಟು ವೇಗ, ಯಾವ ದಿಕ್ಕು ಅಂತ ತಾನೇ ರೇಡಿಯೋದಲ್ಲಿ ಹೇಳುತ್ತಾ ಇರುತ್ತೆ. ಹಡಗು ನಡೆಯುತ್ತಿದ್ದರೆ 2ರಿಂದ 10 ಸೆಕೆಂಡಿಗೊಮ್ಮೆ, ಲಂಗರು ಹಾಕಿ ನಿಂತಿದ್ದರೆ 3 ನಿಮಿಷಕ್ಕೊಮ್ಮೆ. ವಿದೇಶಯಾನದ 300 ಟನ್ನೇಜ್ ಮೇಲಿನ ಹಡಗುಗಳಿಗೆಲ್ಲ 2004ರ ಕೊನೆಯ ಹೊತ್ತಿಗೇ ಇದು ಕಡ್ಡಾಯವಾಗಿತ್ತು. ಇವೆರಡಕ್ಕೂ ಟಾವರ್ ಬೇಡ, ಸಿಮ್ ಬೇಡ, ರೀಚಾರ್ಜ್ ಬೇಡ.

ಹಾಗಿದ್ದರೆ ಮೊಬೈಲ್ ನೆಟ್‌ವರ್ಕ್ ಯಾಕೆ ಬೇಕು? ಅಪ್ಪ ಕೇಳಿದ್ದೂ ಇದನ್ನೇ. ರೇಡಿಯೋದಲ್ಲಿ ಮಾತು ಹೋಗುತ್ತೆ, ನಕ್ಷೆ ಹೋಗಲ್ಲ. ಹೂಳೆತ್ತಿದ ಮೇಲಿನ ಹೊಸ ಆಳದ ಲೆಕ್ಕ, ಈ ಗಳಿಗೆಯ ಉಬ್ಬರ, ಗಾಳಿ, ಕೊನೇ ಕ್ಷಣಕ್ಕೆ ಬದಲಾದ ಬರ್ತು, ಕ್ಯಾಮೆರಾದ ಚಿತ್ರ — ಇವೆಲ್ಲ ಡೇಟಾ. ಜೊತೆಗೆ ಬಂದರಿನಲ್ಲಿ ಓಡಾಡೋ ಸಣ್ಣ ಲಾಂಚು, ದೋಣಿಗಳಲ್ಲಿ ದುಬಾರಿ ಯಂತ್ರಗಳಿರಲ್ಲ, ಕಿಸೆಯಲ್ಲಿ ಮೊಬೈಲ್ ಇರುತ್ತೆ. ನಮ್ಮ ಕಂಪನಿಯ ಐಡಿಯಾ ಸರಳವಾಗಿತ್ತು: ದಡದಲ್ಲಿ ಒಂದು ರಿಸೀವರ್ ಇಟ್ಟು ಎಲ್ಲಾ ಹಡಗುಗಳ ಎಐಎಸ್ ಮಾಹಿತಿ ಹಿಡಿಯೋದು, 4ಜಿ ಮೇಲೆ ಲಾಂಚಿನವರ ಟ್ಯಾಬ್ಲೆಟ್ಟಿಗೆ ಕಳಿಸೋದು. ಓಲಾ ಆಟೋ ಕಂಡ ಹಾಗೆ ಹಡಗು ಕಾಣಬೇಕು. (ಈ ಹೋಲಿಕೆ ನನ್ನದಲ್ಲ, ಮೂರನೇ ಸ್ಲೈಡಿನದು.)

2022ರ ನವೆಂಬರಿನಲ್ಲಿ ಟ್ರಯಲ್ಲಿಗೆ ಅಂತ ನಾನು, ಇನ್ನೊಬ್ಬ ಡೆವಲಪರ್ ಮಂಗಳೂರಿಗೆ ಹೋದೆವು. ಬಾಡಿಗೆಯ ಲಾಂಚು, ಅದರ ಮಾಸ್ಟರ್ ಐವತ್ತು ದಾಟಿದ ಮಂಗಳೂರಿನವರು. ಟ್ಯಾಬ್ಲೆಟ್ ನೋಡಿ “ಒಳ್ಳೇದುಂಟು ಮೇಡಂ, ಬಣ್ಣ ಚಂದ ಉಂಟು” ಅಂದರು. ಅದನ್ನ ನಾನು ಹೊಗಳಿಕೆ ಅಂತಲೇ ತಗೊಂಡೆ.

ಒಳಗಿನ ಡಾಕಿನಲ್ಲಿ ನಾಲ್ಕು ಗೆರೆ ಸಿಗ್ನಲ್, ಹಡಗುಗಳು ನೀಲಿ ತ್ರಿಕೋನಗಳಾಗಿ ಸರಾಗ ಚಲಿಸುತ್ತಿದ್ದವು. ಬ್ರೇಕ್‌ವಾಟರ್ ದಾಟಿದ್ದೇ ಲಾಂಚು ಕುಣಿಯೋಕೆ ಶುರುಮಾಡಿತು. ನಾನು ಒಂದು ಕೈಲಿ ಕಂಬಿ, ಒಂದು ಕೈಲಿ ಟ್ಯಾಬ್ಲೆಟ್ ಹಿಡಿದು ನಿಂತಿದ್ದೆ. ಒಂದು ತ್ರಿಕೋನ ನಮ್ಮ ಎಡಕ್ಕೆ, ಸಾಕಷ್ಟು ದೂರದಲ್ಲಿ, ತಣ್ಣಗೆ ನಿಂತಿತ್ತು. ಸಿಗ್ನಲ್ ಇನ್ನೂ ಮೂರು ಗೆರೆ. ಆಗ ಮಾಸ್ಟರು ಇದ್ದಕ್ಕಿದ್ದ ಹಾಗೆ ಲಾಂಚನ್ನ ಬಲಕ್ಕೆ ಎಳೆದರು. ನಾನು ಟ್ಯಾಬ್ಲೆಟ್ ಸಮೇತ ಬೆಂಚಿನ ಮೇಲೆ ಬಿದ್ದೆ. ಎದ್ದು ನೋಡಿದರೆ ಎಡಗಡೆಯ ಕಿಟಕಿ ತುಂಬಾ ಕೆಂಪು ಬಣ್ಣ. ಕಬ್ಬಿಣದ ಗೋಡೆ. ಹಡಗು.

“ಇದು ಇಲ್ಲಿ ತೋರಿಸ್ತಾನೇ ಇಲ್ಲವಲ್ಲ ಸರ್!” ಅಂದೆ.

“ಅವರು ಆಗಲೇ ರೇಡಿಯೋದಲ್ಲಿ ಹೇಳಿದ್ರಲ್ಲ ಮೇಡಂ, ಹೊರಗೆ ಹೋಗ್ತಾ ಇದ್ದೇವೆ ಅಂತ. ನಿಮಗೆ ಕೇಳ್ಲಿಲ್ವಾ?”

ಕೇಳಿತ್ತು. ಗೊರಗೊರ ಅನ್ನೋ ಸದ್ದು ಅಂತ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಟ್ಯಾಬ್ಲೆಟ್ ನೋಡುತ್ತಿದ್ದೆ.

ನೋಡಿ, ತ್ರಿಕೋನ ತಪ್ಪಾಗಿರಲಿಲ್ಲ. ಎರಡು ನಿಮಿಷದ ಹಿಂದೆ ಆ ಹಡಗು ನಿಜವಾಗಿ ಅಲ್ಲೇ ಇತ್ತು. ಆಮೇಲೆ ನಮ್ಮ ಟ್ಯಾಬ್ಲೆಟ್ಟಿಗೆ ಡೇಟಾ ಬಂದಿರಲಿಲ್ಲ. ಗೆರೆ ಇತ್ತು, ಡೇಟಾ ಇರಲಿಲ್ಲ — ಇದು ನಿಮಗೂ ಗೊತ್ತಿರೋ ಕಾಯಿಲೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೂ ಬರುತ್ತೆ. ನಾವು ಬರೆದ ಕೋಡು ಮಾತ್ರ ಕೊನೆಗೆ ಕಂಡದ್ದನ್ನೇ ಅದೇ ಹೊಳೆಯೋ ನೀಲಿಯಲ್ಲಿ ತೋರಿಸುತ್ತಾ ಕೂತಿತ್ತು.

ದಡಕ್ಕೆ ಬಂದು ಚಹಾ ಕುಡಿಯುತ್ತಾ ಮಾಸ್ಟರು ಒಂದು ಸಂಗತಿ ನೆನಪಿಸಿದರು. 2021ರ ಏಪ್ರಿಲಿನಲ್ಲಿ ಕೇರಳದ ಬೇಪೂರಿನಿಂದ ಹೊರಟ ‘ರಬಾ’ ಅನ್ನೋ ಮೀನುಗಾರಿಕೆ ಬೋಟಿಗೂ ಸಿಂಗಪುರದ ‘ಎಪಿಎಲ್ ಲೆ ಹಾವ್ರ್’ ಹಡಗಿಗೂ ರಾತ್ರಿಯಲ್ಲಿ ಡಿಕ್ಕಿಯಾಗಿತ್ತು, ಮಂಗಳೂರಿನಿಂದ 40 ನಾಟಿಕಲ್ ಮೈಲಿಗೂ ಆಚೆ. ಬೋಟಿನಲ್ಲಿ 14 ಮಂದಿ. ಜೀವಂತ ಸಿಕ್ಕವರು ಇಬ್ಬರು. “ಅಲ್ಲಿ ನಿಮ್ಮ ನೆಟ್‌ವರ್ಕ್ ಎಂತದ್ದೂ ಇಲ್ಲ ಮೇಡಂ,” ಅಂದರು. ದೂರು ಹೇಳೋ ದನಿಯಲ್ಲಿರಲಿಲ್ಲ. ನಲವತ್ತು ನಾಟಿಕಲ್ ಮೈಲಿ ಅಂದರೆ ಎಪ್ಪತ್ತೈದು ಕಿಲೋಮೀಟರ್, ಹೆಚ್ಚುಕಡಿಮೆ ಹುಬ್ಬಳ್ಳಿಯಿಂದ ಹಾವೇರಿ. ಈಗ ಸರ್ಕಾರ ಮೀನುಗಾರಿಕೆ ಬೋಟುಗಳಿಗೆ ಇಸ್ರೋ ತಂತ್ರಜ್ಞಾನದ, ಉಪಗ್ರಹದ ಮೂಲಕ ಮಾತು ದಾಟಿಸೋ ಟ್ರಾನ್ಸ್‌ಪಾಂಡರ್ ಹಾಕಿಸೋ ಯೋಜನೆ ತಂದಿದೆ. 2024ರಲ್ಲಿ ಶುರುವಾದದ್ದು, 1 ಲಕ್ಷ ಬೋಟುಗಳ ಗುರಿ. ಅದು ಅಷ್ಟು ದೂರದವರಿಗೆ. ನನ್ನ ತಲೆನೋವು ದಡದಿಂದ ಕಣ್ಣಳತೆಯಲ್ಲಿರೋ ನೀರಿನದು.

ಹೋಟೆಲಿಗೆ ವಾಪಸು ಬಂದಮೇಲೆ ಡೆವಲಪರ್ ಹುಡುಗ “ಸಮುದ್ರ ಬಟಾಬಯಲು, ಸಿಗ್ನಲ್‌ಗೆ ಅಡ್ಡ ಏನಿದೆ?” ಅಂದ. ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ಕೂತು ಓದಿದೆ. ಟಾವರಿನ ಆ್ಯಂಟೆನಾಗಳನ್ನ ಮನೆ, ರಸ್ತೆ ಇರೋ ಕಡೆಗೆ, ಸ್ವಲ್ಪ ಕೆಳಮುಖವಾಗಿ ಬಾಗಿಸಿ ಕೂಡಿಸಿರುತ್ತಾರೆ. ಸಮುದ್ರಕ್ಕೆ ಸಿಗೋದು ಚೆಲ್ಲಿಹೋದದ್ದು. ನೀರು ಕನ್ನಡಿಯ ಹಾಗೆ. ನೇರ ಬಂದ ಅಲೆ, ನೀರಿಗೆ ಬಡಿದು ಬಂದ ಅಲೆ ಎರಡೂ ಸೇರಿದಾಗ ಒಮ್ಮೆ ಬಲವಾಗುತ್ತೆ, ಒಮ್ಮೆ ಒಂದನ್ನೊಂದು ಅಳಿಸಿಹಾಕುತ್ತವೆ. ಲಾಂಚು ಕುಣಿದ ಹಾಗೆಲ್ಲ ಈ ಲೆಕ್ಕ ತಪ್ಪುತ್ತೆ. ಅದೂ ಅಲ್ಲದೆ ನೀರಿನ ಮೇಲೆ ನಿಂತ ಫೋನಿಗೆ ದಂಡೆಯ ಹತ್ತಾರು ಟಾವರ್ ಸುಮಾರು ಒಂದೇ ಬಲದಲ್ಲಿ ಕಾಣುತ್ತವೆ. ಯಾವುದಕ್ಕೆ ಜೋತುಬೀಳಬೇಕು ಅಂತ ತಿಳಿಯದೆ ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಜಿಗಿಯುತ್ತಲೇ ಇರುತ್ತೆ. ನಡುವೆ ಒಂದು ದೊಡ್ಡ ಹಡಗು ಹಾದರೆ ಮುಗೀತು, ಕಬ್ಬಿಣದ ಗುಡ್ಡ ಅಡ್ಡ ಬಂದಂಗೆ. ಅಂದರೆ ಹಡಗು ಹತ್ತಿರ ಬಂದಷ್ಟೂ ಅದರ ಮಾಹಿತಿ ಬರದೇ ಇರೋ ಸಂಭವ ಹೆಚ್ಚು! ಇದನ್ನ ಓದಿದಾಗ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಮನಸ್ಸು ಮಾಡಿದರೆ ಆಗದ್ದೇನಲ್ಲ. ಹಳೇ 2ಜಿ ಟಾವರಿನ ಲೆಕ್ಕಾಚಾರವೇ 35 ಕಿಲೋಮೀಟರಿಗೆ ನಿಲ್ಲುತ್ತಿತ್ತು, 4ಜಿಯದು 100ರವರೆಗೆ ಹೋಗಬಲ್ಲದು. ದಕ್ಷಿಣ ಕೊರಿಯಾದವರು ಸಮುದ್ರಕ್ಕೆ ಅಂತಲೇ ಎತ್ತರದ ಜಾಗಗಳಲ್ಲಿ ಟಾವರ್ ನಿಲ್ಲಿಸಿ, ಕರಾವಳಿಯಿಂದ 100 ಕಿಲೋಮೀಟರ್‌ವರೆಗೆ ಹಡಗುಗಳಿಗೆ ಪ್ರತ್ಯೇಕ ಎಲ್‌ಟಿಇ ಜಾಲವನ್ನ 2021ರಲ್ಲಿ ಶುರುಮಾಡಿದರು. ಸಿಂಗಪುರದವರು ತಮ್ಮ ಬಂದರಿನ ನೀರಿಗೆ 5ಜಿ ಹಬ್ಬಿಸೋಕೆ ಹೊರಟರು. ಎರಡೂ ಕಡೆ ಯಾರೋ ಒಬ್ಬರು ‘ಸಮುದ್ರದಾಗ ಟಾವರ್ ಎಲ್ಲಿ?’ ಅಂತ ಮೊದಲೇ ಕೇಳಿಕೊಂಡಿದ್ದರು.

ಬೆಂಗಳೂರಿಗೆ ಬಂದು ಬಗ್ ಬರೆದೆ. ತೀವ್ರತೆ: ಒಂದು, ಅಂದರೆ ಅತಿ ಗಂಭೀರ. ಮಧ್ಯಾಹ್ನದ ಹೊತ್ತಿಗೆ ಯಾರೋ ಅದನ್ನ ‘ಎನ್‌ಹ್ಯಾನ್ಸ್‌ಮೆಂಟ್’ ಅಂತ ಬದಲಾಯಿಸಿ ಮುಂದಿನ ರಿಲೀಸಿಗೆ ತಳ್ಳಿದ್ದರು. ನಾನು ವಾಪಸು ಒಂದಕ್ಕೆ ತಂದೆ. ಸಂಜೆ ಮತ್ತೆ ಕೆಳಗಿಳಿದಿತ್ತು. ಹೀಗೆ ನಾಲ್ಕು ಸಲ. ನಾನು ಜಗಳಗಂಟಿ ಅಲ್ಲ, ಅಪ್ರೈಸಲ್ಲಿನಲ್ಲಿ ‘ಇನ್ನಷ್ಟು ಮಾತಾಡಬೇಕು’ ಅಂತ ಬರೆಸಿಕೊಂಡವಳು. ಈ ಒಂದು ಬಗ್ಗಿಗೆ ಯಾಕೆ ಹೀಗೆ ಹಟ ಹಿಡಿದೆ ಅಂತ ಟೀಮಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಹೇಳಿರಲೂ ಇಲ್ಲ.

2019ರ ಆಗಸ್ಟ್. ವಾರದಿಂದ ಮಳೆ ಹಿಡಿದಿತ್ತು. ಬೆಣ್ಣಿಹಳ್ಳ ಗೊತ್ತಲ್ಲ, ಹತ್ತು ತಿಂಗಳು ಮಕ್ಕಳು ಆಡೋ ನೀರು, ಎರಡು ತಿಂಗಳು ಯಾರಪ್ಪನ ಮಾತೂ ಕೇಳಲ್ಲ. ಹಳ್ಳದಾಚೆಯ ಹೊಲದಲ್ಲಿ ಕಿತ್ತು ಹಾಕಿದ ಹೆಸರು ಇತ್ತು, ನೀರೆತ್ತೋ ಇಂಜಿನ್ನೂ ಇತ್ತು. ಮುಂಜಾನೆ ಮಳೆ ಸ್ವಲ್ಪ ಬಿಟ್ಟಿದ್ದೇ ಅಪ್ಪ, ತಮ್ಮ ಇಬ್ಬರೂ ಚಕ್ಕಡಿ ಹೂಡಿಕೊಂಡು ಹೋದರು. ನಾನು ಬೆಂಗಳೂರಿನಲ್ಲಿ ಟಿವಿ ನೋಡಿ ನೋಡಿ ಗಾಬರಿಯಾಗಿ, ತಮ್ಮನಿಗೆ ಫೋನ್ ಮೇಲೆ ಫೋನ್ ಹಚ್ಚಿ ತಲೆ ತಿಂದೆ. ಕೊನೆಗೆ ಅವನು “ತಗೋ ಅಕ್ಕಾ, ಲೈವ್ ಲೊಕೇಶನ್ ಹಚ್ಚೇನಿ, ನೋಡ್ಕೋತ ಕೂಡು” ಅಂದ. ಚುಕ್ಕೆ ಹೊಲದಿಂದ ಹೊರಟು ಹಳ್ಳದ ಸೇತುವೆ ಹತ್ತಿರ ಬಂತು. ನನಗೆ ಜೀವ ಬಂತು.

ನಾಲ್ಕಕ್ಕೆ ಅವ್ವ ಗುಡಿ ಕಟ್ಟೆ ಮೇಲಿಂದ ಹಚ್ಚಿದಳು. “ಎಲ್ಲದಾರ ನೋಡಬೇ, ನಿನ್ನ ಫೋನಿನಾಗ ಕಾಣತೈತೆಂತಲ್ಲ.”

“ಬ್ರಿಜ್ ಹತ್ರನ ಅದಾರಬೇ. ಇನ್ನ ಹತ್ತ ನಿಮಿಷದಾಗ ಬರ್ತಾರ.”

ಕಾಕಾ ಆ ಹೊತ್ತಿಗೆ ಟ್ರ್ಯಾಕ್ಟರಿಗೆ ಹಗ್ಗ ಹಾಕಿ, ನಾಲ್ಕು ಹುಡುಗರನ್ನ ಕೂಡಿಸಿ ಹೊರಡೋಕೆ ತಯಾರಾಗಿದ್ದನಂತೆ. ನನ್ನ ಮಾತು ಕೇಳಿ ಟ್ರ್ಯಾಕ್ಟರ್ ಆಫ್ ಮಾಡಿದ. ಅಕಿ ಬೆಂಗಳೂರಾಗ ಕುಂತು ಕಣ್ಣಿಲೆ ನೋಡಾಕತ್ತಾಳ, ಇನ್ನೇನು ಬರ್ತಾರ.

ಐದಾದರೂ ಚುಕ್ಕೆ ಸೇತುವೆ ಹತ್ತಿರವೇ ಇತ್ತು. ಯಾಕೆ ನಿಂತಿದ್ದಾರೆ ಅಂತ ನಕ್ಷೆ ಹಿಗ್ಗಿಸಿದೆ. ಕೆಳಗೆ ಇರುವೆ ಗಾತ್ರದ ಬೂದು ಅಕ್ಷರಗಳು: ಕೊನೆಯದಾಗಿ ಅಪ್‌ಡೇಟ್ ಆದದ್ದು ಎರಡೂವರೆ ಗಂಟೆಯ ಹಿಂದೆ. ಚುಕ್ಕೆಯ ಬಣ್ಣ ಸ್ವಲ್ಪವೂ ಮಾಸಿರಲಿಲ್ಲ. ಅವ್ವನಿಗೆ ಹಚ್ಚಿದೆ. ಅವ್ವ ಕಟ್ಟೆಯಿಂದ ಮನೆಗೆ ಹೋಗಿದ್ದಳು, ಮನೆಯಲ್ಲಿ ಹತ್ತೋದಿಲ್ಲ. ತಮ್ಮನಿಗೆ, ಕಾಕಾಗೆ, ಕಿರಾಣಿ ಅಂಗಡಿಯವರಿಗೆ. ಎಷ್ಟು ಸಲ ಅಂತ ಆಮೇಲೆ ಕಾಲ್ ಲಾಗಿನಲ್ಲಿ ಎಣಿಸಿದೆ, ಐವತ್ತೊಂದು.

ಆಗಿದ್ದು ಇಷ್ಟು. ಸೇತುವೆ ಮೇಲೆ ನೀರು ಹತ್ತಿತ್ತು. ಅವರು ಚಕ್ಕಡಿ ತಿರುಗಿಸಿಕೊಂಡು ಹಿಂದೆ ಹೋಗಿದ್ದರು. ತಮ್ಮನ ಸಿಮ್ಮಿನ ಟಾವರ್ ಕರೆಂಟ್ ಇಲ್ಲದೆ ಸತ್ತಿತ್ತು. ಕತ್ತಲಾಗೋ ಮುಂಚೆ ನೀರು ಸ್ವಲ್ಪ ಇಳಿದ ಹಾಗೆ ಕಂಡು, ಅಪ್ಪ “ಮೊಣಕಾಲಮಟ ಐತಿ, ದಾಟೂಣು ನಡಿ” ಅಂದನಂತೆ. ಎತ್ತಿನ ಕಾಲು ನೀರಿಗೆ ಇಳಿದಿದ್ದವು. ಆಗ ಈಚೆ ದಂಡೆಯಿಂದ ಹಲಗಿ ಸದ್ದು ಕೇಳಿತು. ಅಷ್ಟು ಹೊತ್ತು ಕಾದು ತಡೆಯದೆ ಕಾಕಾನೇ ದಂಡೆಗೆ ಹೋಗಿ, ನೀರಿನ ಹರಿವು ನೋಡಿ, ಊರಿಂದ ಹಲಗಿ ತರಿಸಿ ಬಾರಿಸಿದ್ದ. ಹಳ್ಳದ ದಂಡೆಯಲ್ಲಿ ಹೊತ್ತು ಮುಳುಗಿದ ಮೇಲೆ ಹಲಗಿ ಬಾರಿಸಿದರೆ ನಮ್ಮ ಕಡೆ ಒಂದೇ ಅರ್ಥ, ನೀರಿಗೆ ಇಳೀಬ್ಯಾಡ್ರಿ. ಯಾರಿದ್ದಾರೆ, ಎಲ್ಲಿದ್ದಾರೆ ಅಂತ ಬಾರಿಸೋನಿಗೆ ತಿಳಿದಿರಬೇಕಿಲ್ಲ. ದಂಡೆಯುದ್ದಕ್ಕೂ ಇದ್ದವರಿಗೆಲ್ಲ ಕೇಳುತ್ತೆ.

ಅಪ್ಪ ಚಕ್ಕಡಿ ಬಿಟ್ಟು, ಕೊಳ್ಳು ಹರಿದು ಎತ್ತು ಹಿಂದಕ್ಕೆ ಎಳೆದ. ಒಂದು ಬಂತು. ಇನ್ನೊಂದು ಬೆದರಿ ನೀರಿನ ಕಡೆಗೇ ಹಾರಿತು. ಇಬ್ಬರೂ ಆ ರಾತ್ರಿ ದಿಬ್ಬದ ಮೇಲಿನ ದ್ಯಾಮವ್ವನ ಗುಡಿಯಲ್ಲಿ ಒಂದು ಎತ್ತಿನ ಜೊತೆ ಕೂತು ಬೆಳಗು ಮಾಡಿದರು. ಮರುದಿನ ಮಧ್ಯಾಹ್ನ ಮನೆಗೆ ಬಂದರು.

ತಿಂಗಳ ಮೇಲೆ ಊರಿಗೆ ಹೋದಾಗ ಒಮ್ಮೆ ಮಾತ್ರ ಕೇಳಿದೆ. “ಅಪ್ಪಾ, ನಾಕ ಗಂಟೇಕ ಕಾಕಾ ಟ್ರ್ಯಾಕ್ಟರ್ ತಂದಿದ್ರ ದಾಟತಿದ್ರಿ?”

“ದಾಟತಿದ್ವಿ,” ಅಂದ. ಇಲ್ಲ ಅಂತ ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು, ಮಾಡಲಿಲ್ಲ. “ಚಾ ಆರಾಕತ್ತೈತಿ, ಕುಡಿ.”

ಲಾಂಚಿನಲ್ಲಿ ಬಿದ್ದು ಎದ್ದಾಗ ನನಗೆ ನೆನಪಾದದ್ದು ಆ ಹಲಗಿ. ರೇಡಿಯೋದಲ್ಲಿ ಒಬ್ಬ ತಪ್ಪು ಹೇಳಿದರೆ ಕೇಳುತ್ತಿರೋ ಮೂರನೆಯವನು ‘ಅಲ್ಲ ಮಾರಾಯ, ಅವನು ಆಗಲೇ ತಿರುಗಿದ’ ಅನ್ನಬಹುದು. ಫೋನಿನಲ್ಲಿ ನಾನು, ಅವ್ವ ಇಬ್ಬರೇ ಇದ್ದೆವು. ಹಳೇ ಚುಕ್ಕೆಯನ್ನ ಹಳೇದು ಅನ್ನೋಕೆ ಮೂರನೆಯವರು ಯಾರೂ ಇರಲಿಲ್ಲ. ಅವತ್ತು ನನಗೆ ಸಿಗ್ನಲ್ ಪೂರ್ತಿ ಸತ್ತಿದ್ದರೆ “ಕಾಣವಲ್ದಬೇ” ಅನ್ನುತ್ತಿದ್ದೆ, ಕಾಕಾ ಹೊರಡುತ್ತಿದ್ದ.

ಮೀಟಿಂಗಿನಲ್ಲಿ ಎತ್ತಿನ ಕತೆ ಹೇಳಲಿಲ್ಲ. ಲೆಕ್ಕ ಹೇಳಿದೆ. 6 ನಾಟ್ ವೇಗದ ಹಡಗು ಸೆಕೆಂಡಿಗೆ 3 ಮೀಟರ್ ಚಿಲ್ಲರೆ ಹೋಗುತ್ತೆ. ನಿಮಿಷಕ್ಕೆ ಸುಮಾರು 185 ಮೀಟರ್. ಎರಡು ನಿಮಿಷದ ಹಳೇ ತ್ರಿಕೋನ ಅಂದರೆ 370 ಮೀಟರ್ ಸುಳ್ಳು. ಮ್ಯಾನೇಜರ್ ಕೆಟ್ಟವರಲ್ಲ, ಅವರ ಚಿಂತೆ ಬೇರೆ: “ಪದೇಪದೇ ಬೂದು ಬಣ್ಣಕ್ಕೆ ತಿರುಗಿದರೆ ಕ್ಲೈಂಟ್‌ಗೆ ಆ್ಯಪೇ ಕೆಟ್ಟಿದೆ ಅನ್ಸುತ್ತೆ. ಲಂಗರು ಹಾಕಿರೋ ಹಡಗು ಕಳಿಸೋದೇ ಮೂರು ನಿಮಿಷಕ್ಕೊಮ್ಮೆ, ಅವೆಲ್ಲ ಯಾವಾಗಲೂ ಬೂದು ಆಗೇ ಇರ್ತವೆ.” ಈ ಎರಡನೇ ಮಾತು ನಿಜವಾಗಿತ್ತು, ನಾನು ಯೋಚಿಸಿರಲಿಲ್ಲ. ಡೆವಲಪರ್ ಹುಡುಗ, “ಹಳೇದಾದರೆ ತ್ರಿಕೋನ ತೆಗೆದೇಬಿಡೋಣ” ಅಂದ. ನಾನು ಹೂಂ ಅನ್ನೋಳಿದ್ದೆ. ಅದಕ್ಕೂ ಮೊದಲು ಮಾಸ್ಟರಿಗೆ ಫೋನ್ ಮಾಡಿ ಸ್ಪೀಕರಿನಲ್ಲಿ ಹಾಕಿದೆವು.

“ಅಯ್ಯೋ, ತೆಗಿಬೇಡಿ! ಹಡಗು ಮಾಯ ಆದ್ರೆ ನಾನು ಅಲ್ಲಿ ಖಾಲಿ ಉಂಟು ಅಂದ್ಕೊಳ್ತೇನೆ. ಹಳೇದೇ ತೋರ್ಸಿ. ಹಳೇದು ಅಂತ ಹೇಳಿ ತೋರ್ಸಿ.”

ಕೊನೆಗೆ ಆದದ್ದು ಇದು: ನಡೆಯುತ್ತಿದ್ದ ಹಡಗಿನ ಮಾಹಿತಿ 20 ಸೆಕೆಂಡ್ ಬರದಿದ್ದರೆ ತ್ರಿಕೋನ ಟೊಳ್ಳಾಗುತ್ತೆ, ಪಕ್ಕದಲ್ಲಿ ಎಷ್ಟು ಸೆಕೆಂಡ್ ಹಳೇದು ಅಂತ ದೊಡ್ಡಂಕಿಯಲ್ಲಿ ಎಣಿಕೆ ಓಡುತ್ತೆ. ಲಂಗರು ಹಾಕಿದವಕ್ಕೆ ಬೇರೆ ಲೆಕ್ಕ. ದಡದ ಸಂಪರ್ಕವೇ ತಪ್ಪಿದರೆ ಪರದೆಯ ಮೇಲ್ಗಡೆ ಅಡ್ಡಲಾಗಿ ಕೆಂಪು ಪಟ್ಟಿ: ‘ನೆಟ್‌ವರ್ಕ್ ಇಲ್ಲ. ಕಣ್ಣು, ರೇಡಿಯೋ ನಂಬಿ.’ ಕೊನೆಯ ಮೂರು ಪದ ನಾನು ಸೇರಿಸಿದ್ದು. ಮೊದಲ ವಾರವೇ ಕ್ಲೈಂಟ್ ಕಡೆಯಿಂದ ಮೇಲ್ ಬಂತು, ಕೆಂಪು ಪಟ್ಟಿ ಬಹಳ ಸಲ ಬರುತ್ತೆ, ಕಿರಿಕಿರಿ ಅಂತ. ಮ್ಯಾನೇಜರ್ ಅದನ್ನ ಒಂದು ನಗುಮೊಗದ ಜೊತೆ ನನಗೆ ಫಾರ್ವರ್ಡ್ ಮಾಡಿದರು. ಪಟ್ಟಿ ಉಳಿಯಿತು.

ಮುಂದಿನ ಜನವರಿಯಲ್ಲಿ ಮತ್ತೆ ಮಂಗಳೂರಿಗೆ ಹೋಗೋ ಕೆಲಸ ಬಿತ್ತು. ತಮ್ಮ ಅಪ್ಪನನ್ನ ಕರಕೊಂಡು ಬಂದ. ಎಮ್ಮೆ ನೋಡಿಕೊಳ್ಳೋರು ಯಾರು ಅಂತ ಅವ್ವ ಬರಲಿಲ್ಲ. ಸಂಜೆ ಪಣಂಬೂರು ಬೀಚಿಗೆ ಹೋದೆವು. ಅಪ್ಪ ಧೋತರ ಎತ್ತಿ ಕಟ್ಟಿ ಪಾದ ಮುಳುಗೋವಷ್ಟೇ ನೀರಿಗಿಳಿದು ಬಹಳ ಹೊತ್ತು ನಿಂತ. ದೂರದಲ್ಲಿ ಹಡಗುಗಳು ಸಾಲಾಗಿ ಸರದಿಗೆ ಕಾದು ನಿಂತಿದ್ದವು. ಎಣಿಸಿದ. ಒಂಬತ್ತು.

“ಅದರಾಗ ಮಂದಿ ಇರತಾರೇನು ಈಗ?”

“ಇರತಾರಪಾ. ಇಪ್ಪತ್ತು ಮಂದಿ ಇರತಾರ ಒಂದೊಂದರಾಗ.”

“ಮನಿಗೆ ಫೋನ್ ಹಚ್ಚತಾರೇನು?”

ಈ ಪ್ರಶ್ನೆಗೆ ನನ್ನ ಹತ್ತಿರ ಒಂದು ಕತೆ ಇತ್ತು. 2020ರ ಜುಲೈನಲ್ಲಿ ‘ವಕಾಶಿಯೊ’ ಅನ್ನೋ ಜಪಾನಿ ಮಾಲೀಕರ ಹಡಗು ಮಾರಿಷಸ್ ದ್ವೀಪದ ಹವಳದ ದಿಬ್ಬಕ್ಕೆ ಬಡಿಯಿತು. ಸುಮಾರು 1,000 ಟನ್ ಎಣ್ಣೆ ಸಮುದ್ರಕ್ಕೆ ಹರಿಯಿತು. ಹಡಗು ಯಾಕೆ ದಡದ ಹತ್ತಿರ ಹೋಯಿತು ಅಂದರೆ, ಸಿಬ್ಬಂದಿಯ ಫೋನಿಗೆ ಸಿಗ್ನಲ್ ಸಿಗಲಿ ಅಂತ. ಹಡಗು ನೋಂದಣಿಯಾಗಿದ್ದ ಪನಾಮಾ ದೇಶದವರ ತನಿಖೆಯೇ ಹಾಗೆ ಹೇಳಿತು. ಅದು ಕೋವಿಡ್ ಕಾಲ, ತಿಂಗಳುಗಟ್ಟಲೆ ಮನೆಗೆ ಹೋಗದ ಜನ. ಈಗ ಸಿಬ್ಬಂದಿಗೆ ಹಡಗಿನಲ್ಲಿ, ಬಂದರಿನಲ್ಲಿ ಇಂಟರ್ನೆಟ್ ಸೌಲಭ್ಯ ಇರಬೇಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಒಪ್ಪಂದಕ್ಕೇ ತಿದ್ದುಪಡಿಯಾಗಿದೆ, 2024ರ ಡಿಸೆಂಬರಿನಿಂದ ಅದು ಜಾರಿಗೆ ಬಂತು. ಅವತ್ತು ಅಪ್ಪನಿಗೆ ಹೇಳಿದ್ದು ಹವಳದ ದಿಬ್ಬದ ಭಾಗ ಮಾತ್ರ.

ಇಂಥಾ ತಪ್ಪು ಮಾಡೋದೇ ಅಂತ ಬೈತಾನೆ ಅಂದುಕೊಂಡಿದ್ದೆ. “ಪಾಪ,” ಅಂದ. “ಯಾರದರೆ ಮನ್ಯಾಗ ಹುಷಾರ ಇರಲಿಲ್ಲೇನ.”

ಆಮೇಲೆ ಬನಿಯನ್ನಿನ ಕಿಸೆಯಿಂದ ತನ್ನ ಫೋನ್ ತೆಗೆದು, ಕಣ್ಣಿಗೆ ಹತ್ತಿರ ಹಿಡಿದು ನೋಡಿದ. “ನಾಕ ಗೆರಿ ಅದಾವ ನೋಡು ಇಲ್ಲೆ!”

“ಅವ್ವಗ ಹಚ್ಚಲೇನಪಾ? ಸಮುದ್ರದ ಸಪ್ಪಳ ಕೇಳಸೋಣು.”

ಅಪ್ಪ ಸೂರ್ಯನ ಕಡೆ ಒಮ್ಮೆ ನೋಡಿದ. ಇನ್ನೂ ಪೂರ್ತಿ ಮುಳುಗಿರಲಿಲ್ಲ.

“ಈಗ ಬ್ಯಾಡ. ಈಗ ಕೆಳಗ ಇರತಾಳ, ಎಮ್ಮಿ ಹಿಂಡತಿರತಾಳ. ಏಳಕ್ಕ ಹಚ್ಚೂಣು.”

ತಮ್ಮ ಮೂರು ಗಿರಮಿಟ್ ತರ್ತೀನಿ ಅಂತ ಹೋಗಿ, ಇಲ್ಲಿ ಗಿರಮಿಟ್ ಸಿಗಲ್ಲ ಅಂತ ಚುರುಮುರಿ ತಂದ. ಮೂವರೂ ಮರಳಿನ ಮೇಲೆ ಕೂತು ತಿಂದೆವು, ಏಳಾಗೋವರೆಗೆ.